ಹದಿನಾಲ್ಕು ದಾಟಿದರೆ ಕಾನೂನು ಇಲ್ಲವೇ?



ದಸರಾ ರಜೆ ಮುಗಿದು ಶಾಲೆ ಶುರುವಾದಾಗ ನಮ್ಮ ಹತ್ತನೇ ತರಗತಿಯ ಮೂರನೇ ಬೆಂಚಿನಲ್ಲಿ ಒಂದು ಜಾಗ ಖಾಲಿ ಇತ್ತು. ಆ ಗೆಳೆಯನ ಹೆಸರು ಇಲ್ಲಿ ಬರೆಯುವುದಿಲ್ಲ, ಎಲ್ಲರಿಗೂ ಗೊತ್ತೇ ಇದೆ. ರಜೆಯಲ್ಲಿ ನಾಲ್ಕು ಕಾಸು ದುಡಿದು ಬರ್ತೀನಿ ಅಂತ ಪಟ್ಟಣದ ಒಂದು ಹೋಟೆಲಿಗೆ ಹೋದವನು ಅಲ್ಲೇ ಉಳಿದುಬಿಟ್ಟ. ಕಳೆದ ಭಾನುವಾರ ಊರಿಗೆ ಬಂದಿದ್ದಾಗ ನಾವು ಮೂರು ಜನ ಹೋಗಿ ಮಾತಾಡಿಸಿದೆವು. ಬೆಳಿಗ್ಗೆ ಐದೂವರೆಗೆ ಕೆಲಸ ಶುರುವಾದರೆ ರಾತ್ರಿ ಹತ್ತೂವರೆಗೆ ಕೊನೆಯ ಪಾತ್ರೆ ತೊಳೆದು ಮಲಗುವುದಂತೆ. ಸೋಪಿನ ನೀರಿಗೆ ಅವನ ಬೆರಳ ಸಂದಿಯೆಲ್ಲ ಬಿರಿದು ಹೋಗಿತ್ತು. "ಇದಕ್ಕೆ ಕಾನೂನು ಇಲ್ವೇನೋ?" ಅಂತ ಕೇಳಿದೆ. "ನನಗೆ ಹದಿನೈದಾಯ್ತಲ್ಲ, ಹದಿನಾಲ್ಕು ದಾಟಿದ್ರೆ ಕಾನೂನು ಇಲ್ಲ ಅಂತ ಓನರ್ ಹೇಳಿದ್ದಾರೆ" ಅಂದ.

ಅದು ನಿಜವೇ ಅಂತ ಸಮಾಜ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಪುಸ್ತಕ ಕೊಟ್ಟು, "ಓದು, ಅರ್ಥವಾಗದ್ದನ್ನು ಕೇಳು, ಆಮೇಲೆ ಗೋಡೆ ಪತ್ರಿಕೆಗೆ ಬರಿ" ಅಂದರು. ಓದಿ ತಿಳಿದದ್ದನ್ನು ಬರೆಯುತ್ತಿದ್ದೇನೆ.

ಕಾನೂನು ಯಾವುದು?

ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆ, ಗಣಿ ಮತ್ತು ಅಪಾಯದ ಕೆಲಸಕ್ಕೆ ಹಚ್ಚಬಾರದು ಎಂದು ನಮ್ಮ ಸಂವಿಧಾನದ 24ನೇ ವಿಧಿ ಹೇಳುತ್ತದೆ. 1986ರಲ್ಲಿ ಬಾಲ ಕಾರ್ಮಿಕ ಕಾಯ್ದೆ ಬಂತು. ಆಗ ಕೆಲವು ಕೆಲಸಗಳಿಗೆ ಮಾತ್ರ ನಿಷೇಧವಿತ್ತು. 2016ರಲ್ಲಿ ಅದನ್ನು ತಿದ್ದಿ ಹದಿನಾಲ್ಕರೊಳಗಿನವರಿಗೆ ಎಲ್ಲ ಕೆಲಸವನ್ನೂ ನಿಷೇಧಿಸಿದರು. ಹದಿನಾಲ್ಕು ತುಂಬಿ ಹದಿನೆಂಟು ತುಂಬದವರನ್ನು 'ಕಿಶೋರರು' ಎಂದು ಕರೆದು ಅವರನ್ನೂ ಕಾನೂನಿನೊಳಗೆ ತಂದರು. ಕಾಯ್ದೆಯ ಹೆಸರೇ 'ಬಾಲ ಮತ್ತು ಕಿಶೋರ ಕಾರ್ಮಿಕ ಕಾಯ್ದೆ' ಎಂದಾಯಿತು. ಅಂದರೆ ಆ ಓನರ್ ಹೇಳಿದ್ದು ಸುಳ್ಳು.

ಕಾರ್ಮಿಕರ ವಿಷಯ ಕೇಂದ್ರಕ್ಕೂ ರಾಜ್ಯಕ್ಕೂ ಸೇರಿದ್ದು. ಆದ್ದರಿಂದ ರಾಜ್ಯದ ಕಾನೂನೂ ಇದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹದಿನಾಲ್ಕರೊಳಗಿನವರನ್ನು ಅಂಗಡಿ ಹೋಟೆಲುಗಳಲ್ಲಿ ಇಟ್ಟುಕೊಳ್ಳಬಾರದು ಎನ್ನುತ್ತದೆ. ಹದಿನೆಂಟರೊಳಗಿನವರನ್ನು ರಾತ್ರಿ ದುಡಿಸುವುದನ್ನೂ ತಡೆಯುತ್ತದೆ.

ಕಿಶೋರರಿಗೆ ಏನು ನಿಯಮ?

ಮೊದಲನೆಯದು, ಕೆಲವು ಕೆಲಸ ಮಾಡಿಸುವಂತೆಯೇ ಇಲ್ಲ. ಗಣಿ, ಬೆಂಕಿ ಹೊತ್ತುವ ಮತ್ತು ಸಿಡಿಯುವ ವಸ್ತುಗಳ ಕೆಲಸ, ಪಟ್ಟಿಯಲ್ಲಿ ಹೇಳಿರುವ ಬೇರೆ ಅಪಾಯದ ಕೆಲಸ ಇವೆಲ್ಲ ಹದಿನೆಂಟು ತುಂಬುವವರೆಗೆ ನಿಷೇಧ. 2023ರ ಅಕ್ಟೋಬರ್ 7ರಂದು ಬೆಂಗಳೂರಿನ ಹತ್ತಿರ ಅತ್ತಿಬೆಲೆಯಲ್ಲಿ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದು ಹತ್ತಕ್ಕೂ ಹೆಚ್ಚು ಜನ ಸತ್ತರು. ದೀಪಾವಳಿ ವ್ಯಾಪಾರಕ್ಕೆಂದು ಬಂದಿದ್ದ ಯುವಕರೇ ಅವರಲ್ಲಿ ಹೆಚ್ಚು. ಈ ನಿಯಮ ಯಾಕೆ ಬೇಕು ಅನ್ನುವುದಕ್ಕೆ ಬೇರೆ ಉದಾಹರಣೆ ಬೇಡ.

ಎರಡನೆಯದು, ಉಳಿದ ಕೆಲಸಕ್ಕೆ ಹೊತ್ತಿನ ಮಿತಿ ಇದೆ:

1. ಒಂದೇ ಸಮ ಮೂರು ಗಂಟೆಗಿಂತ ಹೆಚ್ಚು ದುಡಿಸಬಾರದು. ನಂತರ ಕಡಿಮೆ ಎಂದರೆ ಒಂದು ಗಂಟೆ ಬಿಡುವು ಕೊಡಬೇಕು.
2. ಬಿಡುವು, ಕೆಲಸಕ್ಕಾಗಿ ಕಾಯುವ ಹೊತ್ತು ಎಲ್ಲ ಸೇರಿ ದಿನಕ್ಕೆ ಆರು ಗಂಟೆ ಮೀರಬಾರದು.
3. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಇಲ್ಲ.
4. ಓವರ್‌ಟೈಮ್ ಇಲ್ಲ.
5. ಒಂದೇ ದಿನ ಎರಡು ಕಡೆ ದುಡಿಸುವಂತಿಲ್ಲ.
6. ವಾರಕ್ಕೆ ಒಂದು ಪೂರ್ತಿ ದಿನ ರಜೆ.

ಈಗ ನಮ್ಮ ಗೆಳೆಯನ ಲೆಕ್ಕ ಹಾಕಿ. ಬೆಳಿಗ್ಗೆ ಐದೂವರೆಯಿಂದ ರಾತ್ರಿ ಹತ್ತೂವರೆ ಅಂದರೆ ಹದಿನೇಳು ಗಂಟೆ. ಕಾನೂನು ಹೇಳುವುದು ಆರು. ಹೋಟೆಲಿನಲ್ಲಿ ಅವನು ಕೆಲಸಕ್ಕೆ ಇದ್ದದ್ದೇ ತಪ್ಪು ಅಂತ ಈ ಕಾಯ್ದೆ ಹೇಳುವುದಿಲ್ಲ, ಹೀಗೆ ದುಡಿಸುತ್ತಿರುವುದು ಮಾತ್ರ ಖಂಡಿತ ತಪ್ಪು.

ನಾವು ಹೊಲಕ್ಕೆ ಹೋಗ್ತೀವಲ್ಲ, ಅದೂ ತಪ್ಪಾ?

ಇದನ್ನು ಏಳನೇ ತರಗತಿಯ ತಂಗಿಯೊಬ್ಬಳು ಕೇಳಿದಳು. ಹದಿನಾಲ್ಕರೊಳಗಿನವರು ತಮ್ಮ ಮನೆಯ ಕೆಲಸಕ್ಕೆ, ಹೊಲಕ್ಕೆ, ಅಂಗಡಿಗೆ ಕೈಜೋಡಿಸಬಹುದು. ಆದರೆ ಅದು ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಕೆಲಸವಾಗಿರಬೇಕು. ಸಂಜೆ 7ರಿಂದ ಬೆಳಿಗ್ಗೆ 8ರ ನಡುವೆ ಕೂಡದು. ಅವ್ವನ ಜೊತೆ ನಮ್ಮ ಹೊಲದಲ್ಲಿ ಕಳೆ ಕಿತ್ತರೆ ತಪ್ಪಲ್ಲ. ಶಾಲೆ ತಪ್ಪಿಸಿ ಬೇರೆಯವರ ಹೊಲಕ್ಕೆ ಕೂಲಿಗೆ ಹೋದರೆ ತಪ್ಪು, ಆ ತಪ್ಪು ಕರೆದುಕೊಂಡು ಹೋದವರದು.

ಟಿ.ವಿ. ಧಾರಾವಾಹಿಯ ಮಕ್ಕಳ ಬಗ್ಗೆಯೂ ಕೆಲವರು ಕೇಳಿದರು. ಅವರಿಗೆ ವಿನಾಯಿತಿ ಇದೆ, ಆದರೆ ದಿನಕ್ಕೆ ಐದು ಗಂಟೆ ಮೀರುವಂತಿಲ್ಲ. ದುಡಿಮೆಯಲ್ಲಿ ಶೇಕಡಾ 20ನ್ನಾದರೂ ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಇಡಬೇಕು. ಸರ್ಕಸ್ಸಿಗೆ ವಿನಾಯಿತಿ ಇಲ್ಲ.

ಶಿಕ್ಷೆ ಯಾರಿಗೆ?

ಹದಿನಾಲ್ಕರೊಳಗಿನವರನ್ನು ಕೆಲಸಕ್ಕೆ ಇಟ್ಟರೆ, ಅಥವಾ ಕಿಶೋರರನ್ನು ಅಪಾಯದ ಕೆಲಸಕ್ಕೆ ಹಚ್ಚಿದರೆ ಆರು ತಿಂಗಳಿಂದ ಎರಡು ವರ್ಷ ಜೈಲು, ಇಲ್ಲವೇ 20,000ದಿಂದ 50,000 ರೂಪಾಯಿ ದಂಡ, ಇಲ್ಲವೇ ಎರಡೂ. ಮತ್ತೆ ಅದೇ ತಪ್ಪು ಮಾಡಿದರೆ ಒಂದರಿಂದ ಮೂರು ವರ್ಷ ಜೈಲು. ಹೊತ್ತಿನ ನಿಯಮ ಮುರಿದರೂ ಶಿಕ್ಷೆ ಇದೆ, ಆದರೆ ಇಷ್ಟು ದೊಡ್ಡದಲ್ಲ. ದುಡಿಯುವ ಹುಡುಗ ಹುಡುಗಿಗೆ ಶಿಕ್ಷೆ ಇಲ್ಲ. ಇದನ್ನು ಎಲ್ಲರೂ ನೆನಪಿಡಬೇಕು. ಪೊಲೀಸರು ನಮ್ಮನ್ನೇ ಹಿಡೀತಾರೆ ಅಂತ ಹೆದರಿಸುವವರಿದ್ದಾರೆ.

ಮುಂಗಡದ ವಿಷಯ

ನಮ್ಮ ಗೆಳೆಯನ ಮನೆಯಲ್ಲಿ ಓನರ್ ಹತ್ತಿರ ಮುಂಗಡ ತೆಗೆದುಕೊಂಡಿದ್ದಾರೆ. ಅಪ್ಪನ ಆಸ್ಪತ್ರೆ ಖರ್ಚಿಗೆ ಬೇಕಾಗಿತ್ತು. ಅದು ತೀರುವವರೆಗೆ ಬಿಡಲ್ಲ ಅಂದಿದ್ದಾರಂತೆ. ಸಾಲ ಕೊಟ್ಟಿದ್ದೇನೆ ಅಂತ ಬಿಟ್ಟು ಹೋಗದ ಹಾಗೆ ದುಡಿಸಿಕೊಳ್ಳುವುದಕ್ಕೆ ಜೀತ ಅನ್ನುತ್ತಾರೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಅದನ್ನು ನಿಷೇಧಿಸಿದೆ. ಜೀತದ ಸಾಲವೂ ರದ್ದು ಎಂದಿದೆ.

"ಕೈ ಕೆಸರಾದರೆ ಬಾಯಿ ಮೊಸರು" ಅಂತ ದೊಡ್ಡವರು ಹೇಳುತ್ತಾರೆ. ಇಲ್ಲಿ ಕೈ ಕೆಸರಾದದ್ದು ನಮ್ಮ ಗೆಳೆಯನದು, ಮೊಸರು ಬೇರೆಯವರ ಬಾಯಿಗೆ.

ನಾವು ಏನು ಮಾಡಬಹುದು?

* ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು. ದುಡ್ಡು ಬೇಕಿಲ್ಲ.
* ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರಿಗೆ ಅರ್ಜಿ ಕೊಡಬಹುದು.
* ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಬಹುದು. ಆ ಸಭೆ ಇರುವುದು ನಮಗಾಗಿಯೇ.
* ವಯಸ್ಸಿನ ತಕರಾರು ಬಂದರೆ ಶಾಲೆಯ ದಾಖಲೆಯಲ್ಲಿರುವ ಹುಟ್ಟಿದ ದಿನಾಂಕ ನೆರವಿಗೆ ಬರುತ್ತದೆ.

ಗುರುಗಳಲ್ಲಿ ಒಂದು ವಿನಂತಿ. ಹದಿನಾಲ್ಕರೊಳಗಿನ ಮಗು ತಿಳಿಸದೆ ಸತತ ಮೂವತ್ತು ದಿನ ಶಾಲೆಗೆ ಬರದಿದ್ದರೆ ಮುಖ್ಯೋಪಾಧ್ಯಾಯರು ಸಂಬಂಧಪಟ್ಟ ಅಧಿಕಾರಿಗೆ ತಿಳಿಸಬೇಕು ಎಂದು 2017ರ ನಿಯಮ ಹೇಳುತ್ತದೆ. ಉಚಿತ ಶಿಕ್ಷಣದ ಹಕ್ಕಿನ ಕಾನೂನೂ ಹದಿನಾಲ್ಕಕ್ಕೇ ನಿಲ್ಲುತ್ತದೆ. ಒಂಬತ್ತು, ಹತ್ತರಲ್ಲಿ ಓದುವ ನಮ್ಮಂಥವರು ಹಾಜರಿ ಪುಸ್ತಕದಿಂದ ಸುಮ್ಮನೆ ಮಾಯವಾಗಿಬಿಡುತ್ತೇವೆ. ದಯವಿಟ್ಟು ನಮ್ಮ ಬಗ್ಗೆಯೂ ಮೂವತ್ತು ದಿನದ ಲೆಕ್ಕ ಇಟ್ಟುಕೊಳ್ಳಿ.

ಇದನ್ನು ಬರೆಯುವ ಹೊತ್ತಿಗೆ ಅವನು ಇನ್ನೂ ಬಂದಿಲ್ಲ. ಹೆಡ್ ಮೇಷ್ಟ್ರು ಅವರ ಮನೆಗೆ ಒಂದು ಸಲ ಹೋಗಿ ಬಂದಿದ್ದಾರೆ, ಈ ವಾರ ಮತ್ತೆ ಹೋಗುತ್ತೇನೆ ಅಂದಿದ್ದಾರೆ. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಶೇಕಡಾ 75 ಹಾಜರಾತಿ ಬೇಕು. ಲೆಕ್ಕ ಹಾಕಿ ನೋಡಿದೆವು, ಅವನು ಬೇಗ ಬಂದರೆ ಇನ್ನೂ ಸಾಧ್ಯ ಇದೆ. ನೋಟ್ಸ್ ಬರೆದು ಕೊಡಲು ನಾವು ಐದು ಜನ ಒಪ್ಪಿಕೊಂಡಿದ್ದೇವೆ. ಇನ್ನೂ ಯಾರಾದರೂ ಬರೆಯುವುದಾದರೆ ಹೆಸರು ಕೊಡಿ. ಮೂರನೇ ಬೆಂಚಿನಲ್ಲಿ ಅವನ ಜಾಗದಲ್ಲಿ ಯಾರೂ ಕೂರಬೇಡಿ.

ತಪ್ಪಿದ್ದರೆ ತಿದ್ದಿ, ಕ್ಷಮಿಸಿ.

ಇಂತಿ ನಿಮ್ಮವಳು,
ಹತ್ತನೇ ತರಗತಿಯ ವಿದ್ಯಾರ್ಥಿನಿ