ಲೇಸರ್ ಕಿರಣ ಮತ್ತು ಫಿಲ್ಲರ್: ಒಂದೇ ಮುಖದ ಮೇಲೆ ಎರಡು ಚಿಕಿತ್ಸೆಗಳು

ವಯಸ್ಸಾದಂತೆ ಮುಖದಲ್ಲಿ ಕಾಣಬರುವ ಬದಲಾವಣೆಗಳು ಎರಡು ಬಗೆಯವು. ಬಿಸಿಲಿಗೆ ಬಹುಕಾಲ ಒಡ್ಡಿದ ಚರ್ಮದ ಮೇಲೆ ಕಲೆಗಳೂ ನವಿರಾದ ಗೆರೆಗಳೂ ಮೂಡುತ್ತವೆ. ಒಳಗೆ ಕೊಬ್ಬು ಕರಗಿ, ಮೂಳೆ ಸವೆದು, ಕೆನ್ನೆ ಕುಗ್ಗುತ್ತದೆ. ಮೊದಲನೆಯದಕ್ಕೆ ಲೇಸರ್ ಕಿರಣವೂ ಎರಡನೆಯದಕ್ಕೆ ಫಿಲ್ಲರ್ ಎಂಬ ಜೆಲ್ಲಿನ ಚುಚ್ಚುಮದ್ದೂ ಉಪಾಯಗಳು. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದಾದುದರಿಂದ ಎರಡನ್ನೂ ಕೂಡಿಸುವ ಪದ್ಧತಿ ಬಂದಿದೆ. ಕಿರಣದ ಶಾಖವು ಒಳಗಿಟ್ಟ ಜೆಲ್ಲನ್ನು ಕೆಡಿಸುವುದೇ ಎಂಬುದನ್ನು ನಾವಿಲ್ಲಿ ವಿಚಾರಿಸುತ್ತೇವೆ.

ಮೇಮನ್ ಮೊದಲ ಲೇಸರನ್ನು ಬೆಳಗಿಸಿದುದು 1960ರಲ್ಲಿ. ಚರ್ಮಚಿಕಿತ್ಸೆಗೆ ಅದರ ತತ್ತ್ವವನ್ನು ಖಚಿತಗೊಳಿಸಿದವರು ಆಂಡರ್ಸನ್ ಮತ್ತು ಪ್ಯಾರಿಶ್, ವರ್ಷ 1983. ಪ್ರತಿಯೊಂದು ವಸ್ತುವೂ ತನಗೆ ಒಗ್ಗುವ ತರಂಗವನ್ನೇ ಹೆಚ್ಚಾಗಿ ಹೀರುತ್ತದೆ. ಮಿಡಿತವು ಸಾಕಷ್ಟು ಚಿಕ್ಕದಾದರೆ ಶಾಖವು ಸುತ್ತಲೂ ಹರಡುವ ಮುನ್ನವೇ ಗುರಿಯನ್ನು ಸುಡುತ್ತದೆ. ಇಂಗಾಲದ ಡೈಆಕ್ಸೈಡ್ ಲೇಸರಿನ 10,600 ನ್ಯಾನೋಮೀಟರ್ ತರಂಗವನ್ನು ನೀರು ಹೀರುತ್ತದೆ. ಚರ್ಮವು ಬಹುಪಾಲು ನೀರೇ ಆದುದರಿಂದ ಮೇಲ್ಪದರ ಆವಿಯಾಗುತ್ತದೆ. ಜರಡಿಯ ಕಣ್ಣುಗಳಂತೆ ಸಣ್ಣ ಸಣ್ಣ ರಂಧ್ರಗಳನ್ನು ಮಾತ್ರ ಕೊರೆದು ನಡುವಣ ಚರ್ಮವನ್ನು ಉಳಿಸುವ ವಿಧಾನ ಬಂದುದು ಆಮೇಲೆ. ಇದರಲ್ಲಿ ರಂಧ್ರಗಳು ಒಂದು ಮಿಲಿಮೀಟರಿಗೂ ಆಳಕ್ಕೆ ಇಳಿಯಬಲ್ಲವು.

ಫಿಲ್ಲರುಗಳಲ್ಲಿ ಬಹಳ ಬಳಕೆಯಲ್ಲಿರುವುದು ಹೈಯಲುರಾನಿಕ್ ಆಮ್ಲ. ಮೇಯರ್ ಮತ್ತು ಪಾಮರ್ ಇದನ್ನು 1934ರಲ್ಲಿ ದನದ ಕಣ್ಣಿನ ಒಳದ್ರವದಿಂದ ಬೇರ್ಪಡಿಸಿದರು. ನಮ್ಮ ಚರ್ಮದಲ್ಲಿಯೂ ಅದು ಸಹಜವಾಗಿಯೇ ಉಂಟು. ಆದರೆ ಬೇಗ ಕರಗಿಹೋಗುತ್ತದೆ. ಅದರ ಎಳೆಗಳನ್ನು ಒಂದಕ್ಕೊಂದು ಬೆಸೆದಾಗಲೇ ತಿಂಗಳುಗಟ್ಟಲೆ ನಿಲ್ಲುತ್ತದೆ.

ಇನ್ನು ಪ್ರಶ್ನೆಗೆ ಬರೋಣ. ಉತ್ತರವಿರುವುದು ಆಳದಲ್ಲಿ. ಚರ್ಮವನ್ನು ಕೊರೆಯದ ಲೇಸರನ್ನು ಜೆಲ್ ಚುಚ್ಚಿದ ಒಡನೆಯೇ ಹಾಯಿಸಿದರೂ ಜೆಲ್ಲಿಗೆ ಹಾನಿ ಕಾಣಲಿಲ್ಲವೆಂದು 2007ರಲ್ಲಿ ಪ್ರಕಟವಾದ ಒಂದು ಪರೀಕ್ಷೆ ತಿಳಿಸಿತು. ಮರುವರ್ಷ ಹಂದಿಗಳ ಮೇಲೆ ನಡೆದ ಪ್ರಯೋಗದ ವರದಿಯೂ ಮೇಲುಮೇಲಿನ ಕಿರಣಗಳ ವಿಷಯದಲ್ಲಿ ಅದನ್ನೇ ಹೇಳಿತು. ಆದರೆ ಆಳಕ್ಕೆ ಕೊರೆಯುವ ಲೇಸರು ಜೆಲ್ಲನ್ನು ಮುಟ್ಟಿತ್ತು. ಮೂಳೆಯ ಬಳಿ ಇಟ್ಟ ಜೆಲ್ಲಿಗೆ ಈ ಭಯ ಕಡಿಮೆ, ತುಟಿಯಂಚಿನಲ್ಲಿ ತೆಳುವಾಗಿ ಇಟ್ಟುದಕ್ಕೆ ಹೆಚ್ಚು. ಪ್ರಾಣಿಯ ಚರ್ಮದಿಂದ ಮನುಷ್ಯನ ಚರ್ಮಕ್ಕೆ ಲೆಕ್ಕವನ್ನು ನೇರವಾಗಿ ಸಾಗಿಸಲಾಗದೆಂಬುದೂ ನಿಜ.

ಒಂದೇ ದಿನ ಎರಡನ್ನೂ ಮಾಡುವುದಾದರೆ ಲೇಸರು ಮೊದಲು, ಸೂಜಿ ಅನಂತರ ಎಂಬುದು ಸಾಮಾನ್ಯ ರೂಢಿ. ಕಾರಣ ಸರಳ: ಸೂಜಿಯಿಂದ ಒಸರಿದ ರಕ್ತವೂ ಕೆಲವು ಕಿರಣಗಳನ್ನು ಹೀರುತ್ತದೆ, ಇಟ್ಟ ಜೆಲ್ಲನ್ನು ಉಪಕರಣದ ಒತ್ತಡ ಕದಲಿಸಬಹುದು. ಆದರೂ ಈ ರೂಢಿ ನಮಗೆ ಪೂರ್ತಿ ಒಪ್ಪಿಗೆಯಾಗದು. ಜೆಲ್ ಅಕಸ್ಮಾತ್ತಾಗಿ ರಕ್ತನಾಳವನ್ನು ಮುಚ್ಚಿದರೆ ಚರ್ಮ ಸಾಯಬಹುದು, ಅಪರೂಪವಾಗಿ ಕಣ್ಣೇ ಹೋಗಬಹುದು. ಮೊದಲ ಸೂಚನೆ ಚರ್ಮ ಬಿಳಿಚುವುದು, ಬಳಿಕ ಬಲೆಯಂತೆ ನೀಲಿಗಟ್ಟುವುದು. ಲೇಸರಿನಿಂದ ಕೆಂಪಾಗಿ ಊದಿದ ಮುಖದಲ್ಲಿ ಈ ಬಣ್ಣಗಳನ್ನು ಗುರುತಿಸುವುದು ಹೇಗೆ? ಜೆಲ್ಲನ್ನು ಕರಗಿಸುವ ಹೈಯಲುರಾನಿಡೇಸ್ ಕಿಣ್ವ ಕೈಯಲ್ಲಿದ್ದರೂ ಅದನ್ನು ಬೇಗನೆ ಕೊಟ್ಟರೆ ತಾನೆ ಪ್ರಯೋಜನ? ಆದುದರಿಂದ ಚರ್ಮವನ್ನು ಕೊರೆಯುವ ಲೇಸರಾದರೆ ಗಾಯ ಪೂರ್ತಿ ಮಾಯ್ದ ಮೇಲೆಯೇ, ಕೆಲವು ವಾರಗಳ ಅಂತರದಿಂದ, ಸೂಜಿ ಹಿಡಿಯುವುದು ಯುಕ್ತ.

ನಮ್ಮ ದೇಶದ ಕಂದು ಚರ್ಮಕ್ಕೆ ಇನ್ನೊಂದು ತೊಡಕುಂಟು. ಮೆಲನಿನ್ ಹೆಚ್ಚಿರುವುದರಿಂದ ಗಿಡ್ಡ ತರಂಗಗಳು ಮೇಲೆಯೇ ಹೀರಲ್ಪಟ್ಟು ಸುಟ್ಟ ಕಲೆಗಳನ್ನು ಉಳಿಸುತ್ತವೆ. ಆ ಕಾರಣ 1,064 ನ್ಯಾನೋಮೀಟರಿನಂತಹ ಉದ್ದ ತರಂಗಗಳನ್ನು ಆರಿಸುತ್ತಾರೆ. ಇವು ಮೆಲನಿನ್ನಿನ ಪದರವನ್ನು ದಾಟಿ ಹೆಚ್ಚು ಆಳಕ್ಕೆ, ಎಂದರೆ ಜೆಲ್ ಇರುವ ಕಡೆಗೇ, ಇಳಿಯುವಂಥವು.