ಒಂದು ಕಿಲೋ ಕೊಬ್ಬಿಗೆ ಸೂಳೆಕೆರೆಯ ಐದು ಸುತ್ತು

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಏರಿಯ ಮೇಲೆ ನಿಂತರೆ ನೀರು ಕಣ್ಣು ಹಾಯುವಷ್ಟು ದೂರ ಹರಡಿಕೊಂಡಿರುತ್ತದೆ. ಸರ್ಕಾರಿ ಕಾಗದಗಳಲ್ಲಿ ಶಾಂತಿಸಾಗರ ಎನಿಸಿಕೊಳ್ಳುವ ಈ ಕೆರೆಯ ವಿಸ್ತೀರ್ಣ 6,550 ಎಕರೆ, ಸುತ್ತಳತೆ ಸುಮಾರು 30 ಕಿಲೋಮೀಟರ್. ಇವತ್ತಿನ ಲೆಕ್ಕಕ್ಕೆ ಈ ಕೆರೆಯೇ ನಮ್ಮ ಅಳತೆಗೋಲಾಗಲಿ.

ಮೈಮೇಲಿನ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕಿಲೋ ಕ್ಯಾಲೊರಿ ಶಕ್ತಿ ಇರುತ್ತದೆ. 70 ಕಿಲೋ ತೂಕದವರು ಒಂದು ಕಿಲೋಮೀಟರ್ ನಡೆದರೆ ಖರ್ಚಾಗುವುದು ಸುಮಾರು 50. ಭಾಗಿಸಿದರೆ 154 ಕಿಲೋಮೀಟರ್ ಬರುತ್ತದೆ. ಅಂದರೆ ಬರೀ ನಡಿಗೆಯಿಂದ ಒಂದೇ ಒಂದು ಕಿಲೋ ಕೊಬ್ಬು ಕರಗಿಸಬೇಕಾದರೆ ಸೂಳೆಕೆರೆಯನ್ನು ಐದು ಸಲ ಸುತ್ತಬೇಕು!

ಈ ಲೆಕ್ಕ ಕೇಳಿದವರಿಗೆ ಒಂದು ಹೊತ್ತಿನ ಊಟ ಬಿಡುವುದೇ ಸುಲಭ ಅನ್ನಿಸುವುದು ಸಹಜ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಯಾವ ಕಡೆಯ ಮದುವೆ ಮನೆಯಲ್ಲಿ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ: "ರಾತ್ರಿ ಅನ್ನ ಬಿಟ್ಟು ಮೂರು ತಿಂಗಳಾತು, ತೂಕ ಮಾತ್ರ ಇಳೀವಲ್ದು." ಹೀಗೆ ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರ ಮನಸ್ಸು ಗಟ್ಟಿ ಇಲ್ಲವೆಂದು ದೂರುವುದೂ ತಪ್ಪು. ಅವರು ಎದುರಿಸುತ್ತಿರುವ ದೇಹದ ಲೆಕ್ಕಾಚಾರ ಎಷ್ಟು ದೊಡ್ಡದು ಎಂಬುದನ್ನು ಯಾರೂ ಅವರಿಗೆ ಬಿಡಿಸಿ ಹೇಳಿಲ್ಲ, ಅಷ್ಟೇ.

ಮೊದಲು ಉಗ್ರಾಣ ಎಷ್ಟು ದೊಡ್ಡದೆಂದು ನೋಡೋಣ. ಹೊನ್ನಾಳಿ ಭತ್ತದ ಸೀಮೆ, ಆದ್ದರಿಂದ ಅಕ್ಕಿಯಲ್ಲೇ ಅಳೆಯೋಣ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕಿಲೋ ಕ್ಯಾಲೊರಿ ಇದೆ. ನಮ್ಮ ಸೊಂಟದ ಸುತ್ತ ಹೆಚ್ಚುವರಿಯಾಗಿ 10 ಕಿಲೋ ಕೊಬ್ಬು ಕೂತಿದ್ದರೆ ಅದು 22 ಕಿಲೋ ಅಕ್ಕಿಗೆ ಸಮ. ಅಂಗಡಿಯಲ್ಲಿ ಸಿಗುವ 25 ಕಿಲೋ ಚೀಲ ಹೆಚ್ಚುಕಡಿಮೆ ತುಂಬಿತು. ಆ ಚೀಲವನ್ನು ಹಗಲೂ ರಾತ್ರಿ ಇಳಿಸದೆ ಹೊತ್ತುಕೊಂಡೇ ನಾವು ಓಡಾಡುತ್ತೇವೆ. ಇನ್ನೊಂದು ತೂಕ ಬೇಕೇ? ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಅಭಯಾರಣ್ಯದ ಕೊಂಡುಕುರಿ ಬೆಳೆದು ನಿಂತಾಗ ಸುಮಾರು 20 ಕಿಲೋ ತೂಗುತ್ತದೆ. 20 ಕಿಲೋ ಹೆಚ್ಚು ತೂಕ ಇರುವವರ ಮಂಡಿಗಳು ಪ್ರತಿ ಮೆಟ್ಟಿಲಿಗೂ ಒಂದು ಕೊಂಡುಕುರಿಯನ್ನು ಎತ್ತುತ್ತವೆ.

ಇಂಥ ಉಗ್ರಾಣದಿಂದ ಒಂದು ದಿನದ ಉಪವಾಸ ಎಷ್ಟು ತೆಗೆದೀತು? ದಿನಕ್ಕೆ 2,000 ಕಿಲೋ ಕ್ಯಾಲೊರಿ ಬೇಕಾದವರು ಇಡೀ ದಿನ ನೀರು ಮಾತ್ರ ಕುಡಿದಿದ್ದರೂ ಕರಗುವುದು ಹೆಚ್ಚೆಂದರೆ 260 ಗ್ರಾಂ ಕೊಬ್ಬು. ಏಕಾದಶಿಯ ಅವಲಕ್ಕಿ, ಸಂಕಷ್ಟಿಯ ರಾತ್ರಿಯ ಕಡುಬು, ಶ್ರಾವಣ ಸೋಮವಾರದ ಒಪ್ಪತ್ತಿನ ಹೋಳಿಗೆ ಸೇರಿದರೆ ಅದೂ ಇಲ್ಲ. ದಿನಕ್ಕೆ ನಾಲ್ಕು ಸಲ, ಎರಡೆರಡು ಚಮಚ ಸಕ್ಕರೆ ಹಾಕಿದ ಟೀ ಕುಡಿದರೆ ಸಕ್ಕರೆಯೊಂದರಿಂದಲೇ 160 ಕಿಲೋ ಕ್ಯಾಲೊರಿ ಒಳಗೆ ಬಂತು. ಅದನ್ನು ಕಳೆಯಲು ಮೂರು ಕಿಲೋಮೀಟರ್ ನಡೆಯಬೇಕು. ಆದ್ದರಿಂದ ಊಟದ ಲೆಕ್ಕ ಬೇಕೇ ಬೇಕು. ತಟ್ಟೆಯನ್ನು ಸರಿಮಾಡಿಕೊಳ್ಳದೆ ಬರೀ ನಡಿಗೆಯನ್ನು ನಂಬಿದವರಿಗೂ ಇದೇ ನಿರಾಸೆ ಕಾದಿರುತ್ತದೆ.

ಹಾಗಾದರೆ ಮೊದಲ ವಾರ ಎರಡು ಕಿಲೋ ಇಳಿದದ್ದು ಹೇಗೆ? ಇಳಿದದ್ದು ಬಹುಪಾಲು ನೀರು. ದೇಹ ತುರ್ತಿಗೆಂದು ಸ್ನಾಯು ಮತ್ತು ಯಕೃತ್ತಿನಲ್ಲಿ 400ರಿಂದ 500 ಗ್ರಾಂ ಸಕ್ಕರೆಯನ್ನು ಗ್ಲೈಕೋಜೆನ್ ರೂಪದಲ್ಲಿ ಕೂಡಿಟ್ಟಿರುತ್ತದೆ. ಅದರ ಪ್ರತಿ ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಊಟ ಕಡಿಮೆಯಾದೊಡನೆ ಮೊದಲು ಖಾಲಿಯಾಗುವುದು ಈ ಗಂಟು. ಸಕ್ಕರೆ, ನೀರು ಎರಡೂ ಸೇರಿ ಎರಡು ಕಿಲೋ ಹತ್ತಿರ. ಮೂರನೇ ವಾರ ತಕ್ಕಡಿ ನಿಂತುಹೋದಾಗ ನಾವು ಎದೆಗುಂದುತ್ತೇವೆ. ನಿಜವಾಗಿ ಕೊಬ್ಬಿನ ಕೆಲಸ ಶುರುವಾಗಿರುವುದೇ ಆಗ.

ಈ ಕೊಬ್ಬು ಕರಗಿ ಎಲ್ಲಿಗೆ ಹೋಗುತ್ತದೆ? ಬೆವರಾಗಿ, ಮೂತ್ರವಾಗಿ ಹೋಗುತ್ತದೆ ಎಂದು ಹಲವರ ನಂಬಿಕೆ. 2014ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಪರಮಾಣು ಪರಮಾಣು ಎಣಿಸಿ ಲೆಕ್ಕ ಕೊಟ್ಟರು. 10 ಕಿಲೋ ಕೊಬ್ಬು ಉರಿದರೆ ಅದರಲ್ಲಿ 8.4 ಕಿಲೋ ಮೂಗಿನಿಂದ ಇಂಗಾಲದ ಡೈಆಕ್ಸೈಡ್ ಆಗಿ ಹೊರಬೀಳುತ್ತದೆ. ನೀರಾಗುವುದು 1.6 ಕಿಲೋ ಮಾತ್ರ. ಈ ಉರಿಗೆ ನಾವು ಒಳಗೆಳೆದುಕೊಳ್ಳಬೇಕಾದ ಆಮ್ಲಜನಕ 29 ಕಿಲೋ! ನಿಮಿಷಕ್ಕೆ 12 ಉಸಿರೆಂದರೂ ದಿನಕ್ಕೆ 17,280 ಉಸಿರು. ಒಂದೊಂದು ಉಸಿರೂ ಕೊಬ್ಬಿನ ಒಂದು ಕಣವನ್ನು ಹೊತ್ತೊಯ್ಯುತ್ತದೆ. ಸುಮ್ಮನೆ ಕೂತಿರುವ ಒಂದು ತಾಸಿನ ಬದಲು ಓಡಿದರೆ ಹೆಚ್ಚಾಗಿ ಹೊರಹೋಗುವ ಇಂಗಾಲ 39 ಗ್ರಾಂ ಎಂದು ಅದೇ ಲೆಕ್ಕ ಹೇಳುತ್ತದೆ. ಕೂತಲ್ಲೇ ಜೋರಾಗಿ ಉಸಿರಾಡಿದರೆ ತಲೆ ಸುತ್ತುತ್ತದೆಯೇ ಹೊರತು ಕೊಬ್ಬು ಉರಿಯದು. ಉರಿಸುವ ಒಲೆ ಸ್ನಾಯು, ಆ ಒಲೆ ಉರಿಯಬೇಕಾದರೆ ಅದು ದುಡಿಯಬೇಕು.

ಊಟವನ್ನಷ್ಟೇ ಕಡಿಮೆ ಮಾಡಿದಾಗ ಎಡವಟ್ಟಾಗುವುದು ಇಲ್ಲೇ. ವ್ಯಾಯಾಮವಿಲ್ಲದೆ 10 ಕಿಲೋ ಇಳಿದರೆ ಅದರಲ್ಲಿ ಸುಮಾರು ಕಾಲು ಭಾಗ, ಅಂದರೆ ಎರಡೂವರೆ ಕಿಲೋದಷ್ಟು, ಸ್ನಾಯುವೂ ಸೇರಿದಂತೆ ಕೊಬ್ಬಲ್ಲದ ಭಾಗ. ಒಲೆಯನ್ನೇ ಒಡೆದು ಸೌದೆ ಉಳಿಸಿದ ಹಾಗಾಯಿತು. ಮತ್ತೆ ತೂಕ ಏರಿದಾಗ ಬಂದು ಸೇರುವುದು ಹೆಚ್ಚಾಗಿ ಕೊಬ್ಬೇ.

ಇತ್ತ ಕೊಬ್ಬಿನ ಕೋಶಗಳು ಜಾಗ ಬಿಡುವುದಿಲ್ಲ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ವಿಜ್ಞಾನಿಗಳು 2008ರಲ್ಲಿ ತೋರಿಸಿದಂತೆ, ಪ್ರಾಯಕ್ಕೆ ಬಂದ ಮೇಲೆ ಅವುಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರ. ವರ್ಷಕ್ಕೆ ನೂರಕ್ಕೆ ಹತ್ತರಷ್ಟು ಸಾಯುತ್ತವೆ, ಅಷ್ಟೇ ಹುಟ್ಟುತ್ತವೆ. ತೂಕ ಇಳಿಸಿದಾಗ ಕೋಶಗಳು ಕುಗ್ಗುತ್ತವೆ, ಎಣಿಕೆ ಕಡಿಮೆಯಾಗುವುದಿಲ್ಲ. ಖಾಲಿ ಚೀಲಗಳು ಮುಂದಿನ ಸುಗ್ಗಿಗಾಗಿ ಕಾದು ಕೂತಿರುತ್ತವೆ.

ಹಸಿದ ದೇಹ ಖರ್ಚನ್ನೂ ಬಿಗಿಹಿಡಿಯುತ್ತದೆ. 1944–45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳ ಕಾಲ ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ತೂಕ ಕಾಲು ಭಾಗ ಇಳಿಯಿತು, ಸುಮ್ಮನಿದ್ದಾಗ ದೇಹ ಉರಿಸುವ ಶಕ್ತಿ ಸುಮಾರು ನೂರಕ್ಕೆ 40ರಷ್ಟು ಕುಸಿಯಿತು. ಅವರು ವಾರಕ್ಕೆ 35 ಕಿಲೋಮೀಟರ್ ನಡೆಯುತ್ತಲೂ ಇದ್ದರು ಎಂಬುದನ್ನು ಮರೆಯಬಾರದು. ಹೊಟ್ಟೆಗೆ ತೀರಾ ಕಡಿಮೆ ಹಾಕಿ ನಡೆದರೂ ದೇಹ ಸೋಲುತ್ತದೆ. 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ತೂಕ ಇಳಿಸುವ ಟಿವಿ ಸ್ಪರ್ಧೆಯೊಂದರ 14 ಜನರನ್ನು ಆರು ವರ್ಷಗಳ ನಂತರ ಪರೀಕ್ಷಿಸಿತು. ಸರಾಸರಿ 58 ಕಿಲೋ ಇಳಿಸಿದ್ದವರು 41 ಕಿಲೋ ಮರಳಿ ಪಡೆದಿದ್ದರು. ಅವರ ದೇಹ ಆ ಗಾತ್ರದ ದೇಹ ಉರಿಸಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕಿಲೋ ಕ್ಯಾಲೊರಿ ಕಡಿಮೆಯೇ ಉರಿಸುತ್ತಿತ್ತು. ಅವರಲ್ಲಿ ಇಳಿದ ತೂಕವನ್ನು ಉಳಿಸಿಕೊಂಡವರು ಹೆಚ್ಚು ಮೈದುಡಿಸಿದವರು.

ಗೆದ್ದವರ ಪಟ್ಟಿಯೂ ಇದನ್ನೇ ಹೇಳುತ್ತದೆ. 13 ಕಿಲೋಗಿಂತ ಹೆಚ್ಚು ತೂಕ ಇಳಿಸಿ ಕನಿಷ್ಠ ಒಂದು ವರ್ಷ ಹಾಗೇ ಉಳಿಸಿಕೊಂಡವರ ದಾಖಲೆಯನ್ನು ಅಮೆರಿಕದಲ್ಲಿ 1994ರಿಂದ ಇಡುತ್ತಿದ್ದಾರೆ. ಹೆಸರು ಬರೆಸಿದವರು 10,000ಕ್ಕೂ ಹೆಚ್ಚು. ಅವರಲ್ಲಿ ನೂರಕ್ಕೆ 90 ಮಂದಿ ದಿನಕ್ಕೆ ಸರಾಸರಿ ಒಂದು ತಾಸು ವ್ಯಾಯಾಮ ಮಾಡುತ್ತಾರೆ, ಅದರಲ್ಲಿ ಮುಖ್ಯವಾದದ್ದು ನಡಿಗೆ. ಊಟ ತೂಕವನ್ನು ಇಳಿಸುತ್ತದೆ, ಇಳಿದದ್ದನ್ನು ಕಾಯುವುದು ಕಾಲು.

ಈ ಕಾವಲು ನಮ್ಮ ನೆಲದಲ್ಲಿ ಒಂದು ಕಾಲಕ್ಕೆ ತಾನಾಗಿಯೇ ಇತ್ತು. 60 ಕಿಲೋ ತೂಕದವರು ಒಂದು ತಾಸು ಕಳೆ ಕಿತ್ತರೆ ಸುಮಾರು 240 ಕಿಲೋ ಕ್ಯಾಲೊರಿ ಖರ್ಚು, ಒಂದು ತಾಸು ಟಿವಿ ಮುಂದೆ ಕೂತರೆ 60. ಆರು ತಾಸಿನ ವ್ಯತ್ಯಾಸ 1,080. ಅದು 20 ಕಿಲೋಮೀಟರ್‌ಗೂ ಹೆಚ್ಚಿನ ನಡಿಗೆ! ಭತ್ತದ ಗದ್ದೆಗೆ ಕಟಾವು ಯಂತ್ರ ಬಂತು, ಅಡಿಕೆ ಸುಲಿಯಲು ಯಂತ್ರ ಬಂತು, ರುಬ್ಬುವ ಕಲ್ಲು ಹಿತ್ತಿಲಿಗೆ ಹೋಯಿತು, ತೋಟಕ್ಕೆ ಬೈಕು ಹೋಗುತ್ತದೆ. ಬೆನ್ನು ಮುರಿಯುವ ದುಡಿಮೆ ತಪ್ಪಿದ್ದು ಒಳ್ಳೆಯದೇ. ಆದರೆ ತಟ್ಟೆಯ ಅನ್ನ ಹಳೆಯ ದುಡಿಮೆಯ ಅಳತೆಯಲ್ಲೇ ಉಳಿದಿದೆ.

ಫಲ ಅಂಕಿಗಳಲ್ಲಿ ಕಾಣುತ್ತಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2019–21ರ ಹೊತ್ತಿಗೆ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 30 ಮಂದಿಯ ತೂಕ ಹೆಚ್ಚು, ಹೆಂಗಸರೂ ಗಂಡಸರೂ ಸಮಸಮ. ಸಾಕಷ್ಟು ಮೈದುಡಿಸದ ಭಾರತೀಯ ವಯಸ್ಕರ ಪ್ರಮಾಣ 2000ದಲ್ಲಿ ನೂರಕ್ಕೆ 22 ಇದ್ದದ್ದು 2022ಕ್ಕೆ 49 ಮುಟ್ಟಿತು. ಹೆಂಗಸರಲ್ಲಿ ಅದು 57, ಗಂಡಸರಲ್ಲಿ 42. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ದೇಶದಲ್ಲಿ 10 ಕೋಟಿ ಸಕ್ಕರೆ ಕಾಯಿಲೆಯವರನ್ನು ಲೆಕ್ಕ ಹಾಕಿದೆ.

ಕಾಲಿನ ಶಕ್ತಿ ನಮಗೆ ಹೊಸದಲ್ಲ. 1739ರಲ್ಲಿ ಸಂತ ಸೇವಾಲಾಲರು ಹುಟ್ಟಿದ್ದು ಇಂದಿನ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಎಂಬುದು ನಂಬಿಕೆ. ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ದೇಶದ ಉದ್ದಗಲ ನಡೆದ ಜನಾಂಗ ಅವರದು. ಇಂದಿಗೂ ಪ್ರತಿ ಫೆಬ್ರವರಿಯಲ್ಲಿ ಸೇವಾಲಾಲರ ಮಾಲಾಧಾರಿ ಭಕ್ತರು ದೂರದ ತಾಂಡಾಗಳಿಂದ ಅಲ್ಲಿಗೆ ಕಾಲ್ನಡಿಗೆಯಲ್ಲಿ ಬರುತ್ತಾರೆ.

ಈಗ ಸಣ್ಣ ಲೆಕ್ಕ. ದಿನಕ್ಕೆ ಐದು ಕಿಲೋಮೀಟರ್ ನಡೆದರೆ ವರ್ಷಕ್ಕೆ 1,825 ಕಿಲೋಮೀಟರ್. ಸೂಳೆಕೆರೆಗೆ 60 ಸುತ್ತು! ಕಾಗದದ ಮೇಲೆ ಅದು ಸುಮಾರು 12 ಕಿಲೋ ಕೊಬ್ಬು. ದೇಹ ಹೊಂದಿಕೊಳ್ಳುವುದರಿಂದ ನಿಜದಲ್ಲಿ ಇನ್ನೂ ಕಡಿಮೆ ಇಳಿದೀತು, ಆದರೆ ಇಳಿದದ್ದು ನಿಲ್ಲುತ್ತದೆ.

ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಡಬೇಡಿ. ಉಳಿದವರು ಅನ್ನವನ್ನು ಒಂದು ಸೌಟು ಇಳಿಸಿ, ಕಾಳು, ಸೊಪ್ಪು ಏರಿಸಿ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಚುರುಕು ನಡಿಗೆ, ಜೊತೆಗೆ ವಾರಕ್ಕೆರಡು ದಿನ ಸ್ನಾಯು ಬಲಪಡಿಸುವ ಕಸರತ್ತು. ಕೆರೆ ಏರಿ ಇದೆ, ಭದ್ರಾ ಕಾಲುವೆಯ ದಾರಿ ಇದೆ, ಶಾಲೆಯ ಮೈದಾನ ಇದೆ. ಮನೆಯ ಹೆಣ್ಣುಮಕ್ಕಳಿಗೆ ಮುಂಜಾನೆಯ ಅರ್ಧ ತಾಸು ಬಿಡುವು ಮಾಡಿಕೊಡಿ, ಜೊತೆಗೆ ನೀವೂ ನಡೆಯಿರಿ. ಬಿಟ್ಟ ಊಟದ ಫಲ ಕೈಗೆ ಹತ್ತಬೇಕಾದರೆ ನಾಳೆ ಬೆಳಿಗ್ಗೆಯೇ ಹೊಸಿಲು ದಾಟಿ.