ಬ್ಯಾಡ್ಮಿಂಟನ್ ಆಟದಲ್ಲಿ ಹೊಡೆತದ ಮೂಲ ಮತ್ತು ಅದರ ಪೂರ್ವಸಿದ್ಧತೆ

ಜೋಗೇಶ್ವರಿಯ ವಸತಿ ಸಂಕೀರ್ಣಗಳ ಅಂಗಳಗಳಲ್ಲಿಯೂ ನೆರೆಯ ಅಂಧೇರಿ, ಗೋರೆಗಾಂವಗಳ ಕ್ರೀಡಾಗೃಹಗಳಲ್ಲಿಯೂ ಸಂಜೆ ದೀಪ ಹೊತ್ತಿದ ಮೇಲೆ ಬ್ಯಾಡ್ಮಿಂಟನ್ ಆಡಲು ಸೇರುವವರಲ್ಲಿ ಕನ್ನಡಿಗರು ವಿರಳರಲ್ಲ. ಹಗಲೆಲ್ಲ ಮೇಜಿನ ಮುಂದೆ ಕುಳಿತು, ಚರ್ಚ್‌ಗೇಟಿನಿಂದ ಹೊರಟ ಲೋಕಲ್ ಗಾಡಿಯಲ್ಲಿ ಬಲಗೈಯಿಂದ ಮೇಲಣ ಹಿಡಿಕೆಗೆ ಜೋತುಬಿದ್ದು ನಿಂತು ಬಂದ ನಲವತ್ತರ ಗೃಹಸ್ಥನು, ಬಾಡಿಗೆ ತೆತ್ತ ಅವಧಿಯಲ್ಲಿ ಒಂದು ನಿಮಿಷವೂ ವ್ಯರ್ಥವಾಗಬಾರದೆಂದು, ಬೂಟಿನ ದಾರ ಬಿಗಿದೊಡನೆ ಮೊದಲ ಹೊಡೆತವನ್ನೇ ಸ್ಮ್ಯಾಷ್ ಮಾಡಲು ಹೊರಡುತ್ತಾನೆ. ಹೆಗಲ ನೋವು, ಮೊಣಕೈ ನೋವು, ಒಮ್ಮೊಮ್ಮೆ ಹಿಮ್ಮಡಿಯ ಮೇಲಣ ಸ್ನಾಯುರಜ್ಜು ಹರಿದು ತಿಂಗಳುಗಟ್ಟಲೆ ಮನೆವಾಸ, ಇವೆಲ್ಲ ಆತುರದ ಫಲವೆಂದು ಹೇಳುವುದು ವಾಡಿಕೆ. ಆತುರವೊಂದೇ ಇದಕ್ಕೆ ಕಾರಣವಲ್ಲ. ಹೊಡೆತವು ದೇಹದ ಯಾವ ಭಾಗದಲ್ಲಿ ಹುಟ್ಟುತ್ತದೆಂಬ ವಿಷಯದಲ್ಲಿ ನೆಲೆಯೂರಿರುವ ಒಂದು ತಪ್ಪು ಕಲ್ಪನೆಯೂ ಅಷ್ಟೇ ಹೊಣೆಯಾಗಿದೆ.

ರ‍್ಯಾಕೆಟ್ ಹಿಡಿದು ಆಡುವ ಆಟಗಳೆಲ್ಲ ಒಂದೇ ಮನೆತನಕ್ಕೆ ಸೇರಿದವು. ಬ್ಯಾಡ್ಮಿಂಟನ್ನಿನ ಆದಿ ನಿಯಮಗಳು 1870ರ ದಶಕದಲ್ಲಿ ಪುಣೆಯ ಬ್ರಿಟಿಷ್ ಸೈನಿಕರ ನಡುವೆ ರೂಪುಗೊಂಡವು. ಆ ಆಟಕ್ಕೆ 'ಪೂನಾ' ಎಂಬ ಹೆಸರೂ ಇದ್ದಿತು. ಅಮೆರಿಕದಲ್ಲಿ ಜೋ ಸೊಬೆಕ್ ಎಂಬಾತನು 1950ರಲ್ಲಿ ರೂಪಿಸಿದ ರ‍್ಯಾಕೆಟ್‌ಬಾಲ್, ಇಪ್ಪತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ಗೋಡೆಯಿಟ್ಟ ಕೋಣೆಯೊಳಗೆ ಟೊಳ್ಳು ರಬ್ಬರ್ ಚೆಂಡಿನಿಂದ ಆಡುವ ಆಟ. ಅದರ ಹೊಡೆತ ಸೊಂಟದ ಮಟ್ಟದಲ್ಲಿ, ಕೆರೆಯ ನೀರಿನ ಮೇಲೆ ಬಿಲ್ಲೆಕಲ್ಲನ್ನು ಪುಟಿಯುವಂತೆ ಎಸೆಯುವ ಹುಡುಗನ ಕೈಯಂತೆ, ಅಡ್ಡಲಾಗಿ ಸಾಗುತ್ತದೆ. ಬ್ಯಾಡ್ಮಿಂಟನ್ನಿನ ಮುಖ್ಯ ಹೊಡೆತ ತಲೆಯ ಮೇಲಿನಿಂದ ಬರುತ್ತದೆ. ದಿಕ್ಕು ಬೇರೆಯಾದರೂ ಬಲದ ಹಾದಿ ಎರಡರಲ್ಲಿಯೂ ಒಂದೇ: ನೆಲವನ್ನೊತ್ತುವ ಪಾದ, ಅಲ್ಲಿಂದ ಸೊಂಟ, ಅನಂತರ ಎದೆ, ಹೆಗಲು, ಮೊಣಕೈ, ಮುಂದೋಳು, ಕಟ್ಟಕಡೆಗೆ ರ‍್ಯಾಕೆಟ್.

ಕರಾವಳಿಯಿಂದ ಬಂದವರಿಗೆ ಇದನ್ನು ವಿವರಿಸಲು ಪರದೇಶದ ಗ್ರಂಥಗಳು ಬೇಕಿಲ್ಲ. ಬತ್ತದ ಸೂಡಿಯನ್ನು ಮಂಚಕ್ಕೆ ಬಡಿಯುವ ಆಳನ್ನು ನೆನೆದರೆ ಸಾಕು. ಆತನು ಬರಿಯ ತೋಳಿನಿಂದ ಬಡಿದರೆ ಗಳಿಗೆಯೊಳಗೆ ಸೋಲುತ್ತಾನೆ. ಪಳಗಿದವನು ಒಂದು ಕಾಲನ್ನು ಮುಂದಿಟ್ಟು, ಸೊಂಟವನ್ನು ಮೊದಲು ಹೊರಳಿಸಿ, ಸೂಡಿಯು ಹಿಂದೆ ಉಳಿದು ತಾನಾಗಿ ಎಳೆದುಬರುವಂತೆ ಮಾಡುತ್ತಾನೆ. ಮುಂದಣ ಕೊಂಡಿ ಹೊರಡುವುದಕ್ಕೆ ಮುನ್ನ ಹಿಂದಣ ಕೊಂಡಿ ಹೊರಟಿರಬೇಕು. ಭಾರವಾದ ಭಾಗ ಮೊದಲು, ಹಗುರವಾದದ್ದು ಕೊನೆಗೆ. ಸೊಂಟ ತಿರುಗಿ ನಿಲ್ಲುವ ಕ್ಷಣದಲ್ಲಿ ಅದರ ವೇಗ ಹೆಗಲಿಗೆ ದಾಟುತ್ತದೆ, ಹೆಗಲಿನದು ಮೊಣಕೈಗೆ. ಈ ಸರಣಿಯಲ್ಲಿ ಒಂದು ಕೊಂಡಿ ತಪ್ಪಿದರೆ ಅದರ ಪಾಲಿನ ದುಡಿಮೆಯನ್ನು ಮುಂದಿನ ಕೊಂಡಿ ಮಾಡಬೇಕಾಗುತ್ತದೆ. ನೆಟ್ಟಗೆ ಬಲೆಯತ್ತ ಮುಖಮಾಡಿ ನಿಂತು ಹೊಡೆಯುವವನ ಹೆಗಲು ನೋಯುವುದು ಈ ಕಾರಣದಿಂದಲೇ.

ಇನ್ನು ಆ ತಪ್ಪು ಕಲ್ಪನೆ. ಷಟ್ಲಿನ ತೂಕ ಐದು ಗ್ರಾಮಿನ ಆಸುಪಾಸು, ರ‍್ಯಾಕೆಟ್ಟೂ ಹಗುರ. ಆದಕಾರಣ ಇದು 'ಮಣಿಕಟ್ಟಿನ ಆಟ' ಎಂಬ ಮಾತು ಅಂಗಣದಿಂದ ಅಂಗಣಕ್ಕೆ ಹಬ್ಬಿದೆ. ಕಣ್ಣಿಗೆ ಕಾಣುವುದೂ ಹಾಗೆಯೇ. ಆದರೆ ವೇಗದ ಛಾಯಾಚಿತ್ರಗಳಿಂದ ಈ ಬಗೆಯ ಹೊಡೆತಗಳನ್ನು ಅಳೆದು ನೋಡಿದವರು ಕಂಡದ್ದು ಬೇರೆ: ಮಣಿಕಟ್ಟು ಮಡಿಯುವುದಕ್ಕಿಂತ ಮೇಲ್ತೋಳು ತನ್ನ ಅಕ್ಷದ ಮೇಲೆ ಒಳಕ್ಕೆ ಹೊರಳುವುದೂ ಮುಂದೋಳು ತಿರುಗುವುದೂ ಹೆಚ್ಚು ವೇಗವನ್ನು ಕೊಡುತ್ತವೆ. ಬೀಗದಲ್ಲಿ ಕೀಲಿಕೈಯನ್ನು ತಿರುಗಿಸುವಾಗ ಮಣಿಕಟ್ಟು ಮಡಿಯುವುದಿಲ್ಲ, ಮುಂದೋಳೇ ತಿರುಗುತ್ತದೆಯಷ್ಟೆ. ತಲೆಯ ಮೇಲಿನ ಹೊಡೆತದಲ್ಲಿ ಅಂಗೈಯು ಕಿವಿಯ ಕಡೆಯಿಂದ ಹೊರಮುಖಕ್ಕೆ ಹೊರಳುವುದು ಇದೇ ಚಲನೆ. ಹಿಂಗೈ ಹೊಡೆತದಲ್ಲಿ ಅದರ ವಿಲೋಮ. ಹಿಡಿಕೆಯನ್ನು ಬಾಣಲೆಯ ಹಿಡಿಯಂತೆ ಹಿಡಿದವನಿಗೆ ಈ ಹೊರಳು ಸಾಧ್ಯವಾಗದು. ಆಗ ಮಣಿಕಟ್ಟನ್ನು ಮಡಿಸುವುದೊಂದೇ ಆತನಿಗೆ ಉಳಿಯುವ ದಾರಿ. ಹಸ್ತಲಾಘವ ಕೊಡುವಂತೆ ಸಡಿಲವಾಗಿ ಹಿಡಿದು, ತಾಗುವ ಕ್ಷಣದಲ್ಲಿ ಮಾತ್ರ ಬೆರಳುಗಳನ್ನು ಬಿಗಿಯಬೇಕು. ಆರಂಭದಿಂದಲೇ ಬಿಗಿಹಿಡಿದ ಮುಷ್ಟಿ ಮುಂದೋಳನ್ನು ಕಟ್ಟಿಹಾಕುತ್ತದೆ.

ಕನ್ನಡಿಗರಿಗೆ ಇದರ ನಿದರ್ಶನ ಹತ್ತಿರದಲ್ಲಿಯೇ ಇದೆ. ಕುಂದಾಪುರದ ಕಡೆಯ ಪಡುಕೋಣೆಯ ಹೆಸರನ್ನು ಹೊತ್ತ ಮನೆತನದ ಪ್ರಕಾಶ್ ಪಡುಕೋಣೆಯವರು ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಸಭಾಂಗಣದಲ್ಲಿ ಆಟ ಕಲಿತವರು. ಅದು ಮದುವೆಗಳಿಗೂ ಕೊಡುತ್ತಿದ್ದ ಸಭಾಂಗಣ; ಲಗ್ನವಿದ್ದ ದಿನ ಆಟವಿಲ್ಲ! 1980ರಲ್ಲಿ ಅವರು ಆಲ್ ಇಂಗ್ಲೆಂಡ್ ಅಂತಿಮ ಪಂದ್ಯದಲ್ಲಿ ಇಂಡೊನೇಷ್ಯದ ಲಿಯೆಮ್ ಸ್ವೀ ಕಿಂಗ್‌ರನ್ನು 15-3, 15-10ರಿಂದ ಸೋಲಿಸಿದರು. ಕಿಂಗ್ ಹಿಂದಿನ ಎರಡು ವರ್ಷಗಳ ವಿಜೇತರು, ನೆಗೆದು ಸ್ಮ್ಯಾಷ್ ಮಾಡುವುದರಲ್ಲಿ ಹೆಸರಾದವರು. ಪ್ರಕಾಶರ ಗೆಲುವು ತೋಳ್ಬಲದ್ದಾಗಿರಲಿಲ್ಲ. ಎತ್ತರದ ಟಾಸ್, ಬಲೆಯ ಬಳಿಯ ಡ್ರಾಪ್, ಸ್ಮ್ಯಾಷ್ ಮೂರಕ್ಕೂ ಪೂರ್ವಭಾವಿ ಬೀಸು ಒಂದೇ ಆಗಿದ್ದು, ಕೊನೆಯ ಕೊಂಡಿಯಲ್ಲಿ ಮಾತ್ರ ವ್ಯತ್ಯಾಸವಾದರೆ ಎದುರಾಳಿಗೆ ಸುಳಿವು ಸಿಗುವುದಿಲ್ಲ. ಸರಣಿ ಸಡಿಲವಾಗಿ, ಕ್ರಮವಾಗಿ ಹರಿಯುವವನಿಗಷ್ಟೇ ಇದು ದಕ್ಕುತ್ತದೆ. ತೋಳಿನಿಂದ ಹೊಡೆಯುವವನು ಹೆಗಲೆತ್ತುವಾಗಲೇ ತನ್ನ ಇಂಗಿತವನ್ನು ಬಯಲುಮಾಡಿರುತ್ತಾನೆ.

ಆಟಗಾರರು ವಾರ್ಮ್‌ಅಪ್ ಎಂದು ಕರೆಯುವ ಪೂರ್ವಸಿದ್ಧತೆಯ ಅರ್ಥವೂ ಇದರಿಂದ ಸ್ಪಷ್ಟವಾಗುತ್ತದೆ. ಮೈ ಬಿಸಿಯಾದಾಗ ಸ್ನಾಯುಗಳು ಬೇಗ ಸಂಕುಚಿಸುತ್ತವೆ, ನರಗಳ ಸಂದೇಶವೂ ಚುರುಕಾಗುತ್ತದೆ. ಆದರೆ ಬಿಸಿಯಷ್ಟೇ ಗುರಿಯಲ್ಲ, ಸರಣಿಯ ಒಂದೊಂದು ಕೊಂಡಿಯನ್ನೂ ಎಬ್ಬಿಸಬೇಕು. ಐದಾರು ನಿಮಿಷ ಮೆಲ್ಲೋಟ, ಪಕ್ಕಹೆಜ್ಜೆ. ಅನಂತರ ಕಾಲನ್ನು ಮುಂದಿಟ್ಟು ಬಾಗುವುದು, ಸೊಂಟದಿಂದ ಮೈ ತಿರುಗಿಸುವುದು, ತೋಳುಗಳನ್ನು ಸುತ್ತುವುದು. ಆಮೇಲೆ ಷಟ್ಲಿಲ್ಲದೆ ಹತ್ತಿಪ್ಪತ್ತು ಖಾಲಿ ಬೀಸು. ಈ ಖಾಲಿ ಬೀಸನ್ನು ನಾಚಿಕೆಯಿಂದಲೋ ಏನೋ ಹಲವರು ಬಿಟ್ಟುಬಿಡುತ್ತಾರೆ. ಬೀಸನ್ನು ತಿದ್ದಿಕೊಳ್ಳಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ, ಏಕೆಂದರೆ ಅಂಕದ ಚಿಂತೆ ಆಗ ಇರುವುದಿಲ್ಲ. ಷಟ್ಲ್ ಬಂದ ಮೇಲೆ ಮೊದಲು ಟಾಸ್‌ಗಳು, ಸ್ಮ್ಯಾಷ್ ಕಟ್ಟಕಡೆಗೆ. ಹಿಂದಿನವರು ಆಟಕ್ಕೆ ಮುನ್ನ ಕಾಲು ಚಾಚಿ ಅಲುಗದೆ ಹಿಡಿದು ನಿಲ್ಲುತ್ತಿದ್ದ ಪದ್ಧತಿಗೆ ಈಗ ಮೊದಲಿನ ಮನ್ನಣೆಯಿಲ್ಲ. ಒಂದೇ ಸ್ನಾಯುವನ್ನು ಒಂದು ನಿಮಿಷಕ್ಕೂ ಮೀರಿ ಹಾಗೆ ಎಳೆದು ಹಿಡಿದರೆ ಅದರ ಕಸುವು ಸ್ವಲ್ಪ ಹೊತ್ತು ಕುಗ್ಗುತ್ತದೆಂದು ಪ್ರಯೋಗಗಳು ತೋರಿಸಿವೆ; ಅದನ್ನು ಆಟ ಮುಗಿದ ಬಳಿಕ ಇಟ್ಟುಕೊಳ್ಳುವುದು ಮೇಲು. ಗಾಡಿಯ ಹಿಡಿಕೆಗೆ ಜೋತುಬಿದ್ದ ಹೆಗಲಿಗೆ ಬೇಕಾದದ್ದು ಇನ್ನಷ್ಟು ಎಳೆತವಲ್ಲ, ಚಲನೆ.

ಇಷ್ಟಾದರೂ ಅಪಾಯ ಪೂರ್ಣವಾಗಿ ನೀಗಿತೆಂದು ಭಾವಿಸಲಾಗದು. ಹಿಮ್ಮಡಿಯ ರಜ್ಜು ಹರಿದ ಬ್ಯಾಡ್ಮಿಂಟನ್ ಆಟಗಾರರನ್ನು ಪರೀಕ್ಷಿಸಿದ ಸ್ಕಾಂಡಿನೇವಿಯಾದ ವೈದ್ಯರು ಕಂಡಂತೆ, ಅವರಲ್ಲಿ ಬಹುಮಂದಿ ನಡುವಯಸ್ಸಿನ ಹವ್ಯಾಸಿಗಳು. ಪೆಟ್ಟಾದದ್ದು ಆಟದ ಆರಂಭದಲ್ಲಲ್ಲ, ನಡುವಿನಲ್ಲಿ ಅಥವಾ ಕೊನೆಯಲ್ಲಿ. ದಣಿದ ಕಾಲು ತಡವಾಗಿ ಹೊರಟು, ದೂರದ ಷಟ್ಲಿಗೆ ಒಮ್ಮೆಲೇ ಚಿಮ್ಮುವ ಗಳಿಗೆ ಅದು. ಮೀನಖಂಡವನ್ನು ಬಲಪಡಿಸಲು ಮನೆಯ ಮೆಟ್ಟಿಲ ಅಂಚಿನಲ್ಲಿ ಮುಂಗಾಲ ಮೇಲೆ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಇಳಿಸಿ ಏರಿಸುವ ಅಭ್ಯಾಸವನ್ನು ವಾರದಲ್ಲಿ ಮೂರು ದಿನ ಮಾಡಬಹುದು. ಸರದಿಗಾಗಿ ಬೆಂಚಿನ ಮೇಲೆ ಕಾಲು ಗಂಟೆ ಕುಳಿತವನು, ಹೆಸರು ಕರೆದೊಡನೆ ಅಂಗಣಕ್ಕೆ ಧುಮುಕದೆ, ಗೆರೆಯ ಹೊರಗೆ ಒಂದೆರಡು ನಿಮಿಷ ಮೆಲ್ಲಗೆ ಓಡಿ, ನಾಲ್ಕು ಖಾಲಿ ಬೀಸು ಬೀಸಿ ಒಳಬರಬೇಕು. ಕಾದು ನಿಂತ ಜೊತೆಗಾರರು ಅಷ್ಟು ಹೊತ್ತು ಗೊಣಗಿದರೆ ಗೊಣಗಲಿ.